ಬೆಳಗಾವಿಯಿಂದ ಹೋಗಿ ನೆಚ್ಚಿನ ರಾಕ್ ಗಾಯಕನನ್ನು ಕಿವಿತುಂಬ ಕೇಳಿ ಬರುವುದು ಹೇಗೆ?

ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ರಾಕ್ ಶೋ ನೋಡಿ ಬರುವವರು ಈಗ ನಮ್ಮ ಬೆಳಗಾವಿಯ ಗಲ್ಲಿಗಲ್ಲಿಯಲ್ಲೂ ಸಿಗುತ್ತಾರೆ. ‘ಹೆಂಗಿತ್ತು?’ ಅಂತ ಕೇಳಿದರೆ ಫೋನ್ ತೆಗೆದು ವಿಡಿಯೊ ತೋರಿಸುತ್ತಾರೆ. ‘ಹಾಡು ಹೆಂಗಿತ್ತು?’ ಅಂದರೆ, ‘ಸೌಂಡ್ ಭಾರಿ ಇತ್ತರಿ, ಧ್ವನಿ ಅಷ್ಟು ತಿಳೀಲಿಲ್ಲ’ ಅನ್ನುತ್ತಾರೆ. ಐನೂರು ಕಿಲೋಮೀಟರ್ ಹೋಗಿ ಧ್ವನಿಯನ್ನೇ ಕೇಳದೆ ಬಂದರಲ್ಲ ಎಂದು ನನಗೆ ಸಂಕಟವಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಬೆಂಗಳೂರಿಗೆ ಬಂದಾಗ ನಾನೂ ಹಾಗೆಯೇ ಬರಿಗೈಯಲ್ಲಿ ಬಂದವಳು. ಎಡಗಡೆ ಸ್ಪೀಕರ್ ಮುಂದೆ ನಿಂತಿದ್ದೆ. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಅವರು ಮತ್ತೆ ಬಂದಾಗ ತಂಗಿಯನ್ನು ಕರೆದುಕೊಂಡು ಹೋದೆ. ಆ ಸಲ ಸರಿಯಾಗಿ ಕೇಳಿದೆ. ಹೇಗೆಂದು ಹೇಳುತ್ತೇನೆ.

ಹೆಜ್ಜೆ 1: ಟಿಕೆಟ್

ಆಯೋಜಕರು ಹೇಳಿದ ಆ್ಯಪ್‌ನಲ್ಲೇ ಕೊಳ್ಳಿ. ಮಾರಾಟ ಶುರುವಾಗುವ ಮೊದಲೇ ಲಾಗಿನ್ ಆಗಿ ಕುಳಿತಿರಿ. ಗುಂಪುಗಳಲ್ಲಿ ‘ಒಂದು ಎಕ್ಸ್‌ಟ್ರಾ ಇದೆ’ ಎಂದು ಪಿಡಿಎಫ್ ಕಳಿಸುವವರಿಂದ ಬೇಡ. ಅದೇ ಪಿಡಿಎಫ್ ನಾಲ್ಕು ಜನರಿಗೆ ಹೋಗಿರುತ್ತದೆ, ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನಿಗಷ್ಟೇ ಒಳಗೆ ದಾರಿ. ಇನ್ನೊಂದು ಮಾತು: ವೇದಿಕೆಗೆ ಅಂಟಿಕೊಂಡ ದುಬಾರಿ ಆವರಣದ ಟಿಕೆಟ್ ತೆಗೆಯಲೇಬೇಡಿ. ಕಾರಣ ಮುಂದೆ ಬರುತ್ತದೆ.

ಹೆಜ್ಜೆ 2: ಪ್ರಯಾಣ

ಬೆಂಗಳೂರಿಗೆ ಹೋಗುವಾಗ ರಾತ್ರಿಯ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಸಾಕು. ಬರುವಾಗ ಅದೇ ರಾತ್ರಿಯ ಗಾಡಿಗೆ ಓಡುವ ಲೆಕ್ಕ ಹಾಕಬೇಡಿ. ಧ್ವನಿವರ್ಧಕದ ನಿಯಮದಿಂದಾಗಿ ಬಯಲಿನ ಶೋ ಸಾಮಾನ್ಯವಾಗಿ ಹತ್ತಕ್ಕೆ ಮುಗಿಯುತ್ತದೆ, ಆದರೆ ಊರ ಹೊರಗಿನ ಮೈದಾನದಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಕೊನೆಯ ಎರಡು ಹಾಡು ಬಿಟ್ಟು ಓಡುವ ಜನರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಒಂದು ರಾತ್ರಿ ಉಳಿಯಿರಿ. 2025ರ ಆಗಸ್ಟ್‌ನಿಂದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಓಡುತ್ತಿದೆ. ಮಧ್ಯಾಹ್ನ ಹತ್ತಿದರೆ ರಾತ್ರಿ ಮನೆಯಲ್ಲಿ ಮಲಗಬಹುದು.

ಹೆಜ್ಜೆ 3: ಕಿವಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿಯೇ. ನಮಗೆ ಗಣಪತಿ ವಿಸರ್ಜನೆಯ ಡಾಲ್ಬಿ, ಅಂದರೆ ಮೆರವಣಿಗೆಯ ಭಾರಿ ಸ್ಪೀಕರ್, ರೂಢಿಯಾಗಿದೆ. ‘ಕಪಿಲೇಶ್ವರ ಹೊಂಡದತನಕ ಡಾಲ್ಬಿ ಮುಂದ ಕುಣದೀವಿ, ಇದೇನು ಮಹಾ’ ಅನ್ನುತ್ತಾರೆ. ಕಿವಿಗೆ ರೂಢಿ ಎಂಬುದಿಲ್ಲ. 85 ಡೆಸಿಬಲ್ ಸದ್ದನ್ನು ಎಂಟು ತಾಸು ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು ಹದಿನೈದೇ ನಿಮಿಷ. ರಾಕ್ ಶೋ ಆ ಮಟ್ಟದಲ್ಲಿ ಎರಡು ತಾಸು ನಡೆಯುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ ಇಯರ್‌ಪ್ಲಗ್ ಬೇಕು. ಹತ್ತಿ ತುರುಕಿಕೊಂಡರೆ ಹೆಚ್ಚು ಉಪಯೋಗವಾಗದು. ಔಷಧಿ ಅಂಗಡಿಯ ಫೋಮ್ ಪ್ಲಗ್ ಅಗ್ಗ, ಕಿವಿಯನ್ನು ಕಾಯುತ್ತದೆ. ಆದರೆ ಅದು ಮೇಲಿನ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಬ್ರಯಾನ್ ಆಡಮ್ಸ್ ಧ್ವನಿಯ ಆ ಒಡಕು, ಮರಳು ಉಜ್ಜಿದಂಥ ಗರಗರ ಇರುವುದೇ ಮೇಲಿನ ಸ್ವರಗಳಲ್ಲಿ. ಅದಕ್ಕೇ ನಾನು ಒಳಗೆ ಪುಟ್ಟ ಫಿಲ್ಟರ್ ಇರುವ, ಸಂಗೀತಗಾರರು ಹಾಕುವ ಪ್ಲಗ್ ತರಿಸಿದೆ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ದುಡ್ಡು ಹೆಚ್ಚು, ಆದರೆ ವರ್ಷಗಟ್ಟಲೆ ಬರುತ್ತದೆ. ಈಜಿಗೆಂದು ಮಾರುವ ರಬ್ಬರ್ ಬಿರಡೆಯನ್ನು ಮಾತ್ರ ತರಬೇಡಿ. ಅದನ್ನು ಹಾಕಿದರೆ ಕಂಬಳಿ ಹೊದ್ದು ಹಾಡು ಕೇಳಿದಂತೆ.

ಫೋಮ್ ಪ್ಲಗ್ಗೇ ಇದ್ದರೆ ಹಾಕುವ ಕ್ರಮ ಕಲಿಯಿರಿ. ಹತ್ತರಲ್ಲಿ ಒಂಬತ್ತು ಜನ ಅದನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ, ಅರ್ಧ ಹೊರಗೇ ಉಳಿಯುತ್ತದೆ. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತೀರಲ್ಲ, ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ತೆಳ್ಳಗೆ, ಸುಕ್ಕು ಬೀಳದಂತೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ತಕ್ಷಣ ಬತ್ತಿಯನ್ನು ಒಳಗೆ ತೂರಿಸಿ, ಬೆರಳು ಒತ್ತಿ ಹಿಡಿದು ಮೂವತ್ತು ಎಣಿಸಿ. ಫೋಮ್ ಉಬ್ಬಿ ಗೋಡೆಗೆ ಕೂರುವಾಗ ಸಣ್ಣಗೆ ಚಿಟಿಚಿಟಿ ಸದ್ದು ಕೇಳುತ್ತದೆ, ಸುತ್ತಲಿನ ಗದ್ದಲ ದೂರ ಸರಿಯುತ್ತದೆ. ನಿಮ್ಮ ಮಾತು ನಿಮಗೇ ಗಡಿಗೆಯೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ. ಹಾಗೆ ಕೇಳದಿದ್ದರೆ ತೆಗೆದು ಮತ್ತೆ ಹೊಸೆಯಿರಿ. ಹೊರಡುವ ಮುನ್ನ ಮನೆಯಲ್ಲಿ ನಾಲ್ಕು ಸಲ ರೂಢಿ ಮಾಡಿ. ಕತ್ತಲಲ್ಲಿ, ನೂಕುನುಗ್ಗಲಿನಲ್ಲಿ ಕಲಿಯಲಾಗದು.

ಹೆಜ್ಜೆ 4: ನಿಲ್ಲುವ ಜಾಗ

ವೇದಿಕೆಯ ಎರಡೂ ಬದಿ ಎತ್ತರದಲ್ಲಿ ತೂಗುಹಾಕಿದ ಸ್ಪೀಕರ್ ಸಾಲಿನಿಂದಲೇ ಗಾಯಕನ ಧ್ವನಿ ಹೆಚ್ಚಾಗಿ ಬರುವುದು. ಅದರ ಮುಖ ಮೈದಾನದ ಕಡೆಗೆ ಇರುತ್ತದೆ. ವೇದಿಕೆಯ ಕಟ್ಟೆಗೆ ಒರಗಿ ನಿಂತವರ ತಲೆಯ ಮೇಲೆ ಧ್ವನಿ ಹಾದು ಹೋಗುತ್ತದೆ. ಅವರಿಗೆ ಹೆಚ್ಚಾಗಿ ಸಿಗುವುದು ನೆಲದಲ್ಲಿಟ್ಟ, ತಗ್ಗಿನ ಸದ್ದು ಹೊರಡಿಸುವ ಸಬ್‌ವೂಫರ್‌ನ ಗುದ್ದು, ಡ್ರಮ್‌ನ ಹೊಡೆತ. ದುಬಾರಿ ಟಿಕೆಟ್ ಬೇಡ ಅಂದದ್ದು ಇದಕ್ಕೇ.

ಮೈದಾನದ ನಡುವೆ ಕಬ್ಬಿಣದ ಬೇಲಿ ಹಾಕಿದ, ಕಪ್ಪು ಹೊದಿಕೆಯ ಒಂದು ಚಪ್ಪರ ಇರುತ್ತದೆ. ಅಲ್ಲಿ ಸೌಂಡ್ ಎಂಜಿನಿಯರ್ ಮಿಕ್ಸರ್ ಮುಂದೆ ಕುಳಿತಿರುತ್ತಾನೆ. ಯಾವ ವಾದ್ಯ ಎಷ್ಟು, ಧ್ವನಿ ಎಷ್ಟು ಎಂದು ಅವನು ತೂಗುವುದು ತನ್ನ ಕಿವಿಗೆ ಕೇಳುವಂತೆ. ಅವನ ಮುಂದೆ ಹತ್ತು ಹೆಜ್ಜೆಯೊಳಗೆ ನಿಂತರೆ ಅವನಿಗೆ ಕೇಳುವುದೇ ನಿಮಗೂ ಕೇಳುತ್ತದೆ. ಚಪ್ಪರದ ಹಿಂದೆ ನಿಲ್ಲಬೇಡಿ, ವೇದಿಕೆ ಮರೆಯಾಗುತ್ತದೆ. ಗೇಟು ತೆರೆದ ಕೂಡಲೇ ಎಲ್ಲರೂ ಮುಂದಕ್ಕೆ ಓಡುವಾಗ ನೀವು ಇಲ್ಲಿಗೆ ಬನ್ನಿ, ಬೇಲಿಗೆ ಬೆನ್ನು ಕೊಟ್ಟು ಆರಾಮಾಗಿ ನಿಲ್ಲಿ.

2024ರಲ್ಲಿ ನಾವು ನಿಂತದ್ದು ಅಲ್ಲಿ. ಅರವತ್ತೈದು ವರ್ಷದ ಮನುಷ್ಯ ಒಂದು ಸಾಲು ಹಾಡಿ ಮುಂದಿನ ಸಾಲಿಗೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ನಲವತ್ತು ವರ್ಷದಿಂದ ಜೊತೆಗಿರುವ ಕೀತ್ ಸ್ಕಾಟ್ ಗಿಟಾರಿನ ತಂತಿ ಎಳೆದು ಹಿಡಿದಾಗ ಆ ಸ್ವರ ಯಾವುದರಲ್ಲೂ ಕಲಸಿಹೋಗದೆ ನಿಂತಿತ್ತು. ಬೇಲಿಯ ಮೇಲಿದ್ದ ನನ್ನ ಕೈ ನಡುಗುತ್ತಿತ್ತು.

ಉಳಿದದ್ದು

ಮುಂಚೆ ಊಟ ಮಾಡಿ, ಬೂಟು ಹಾಕಿ, ಶೋ ಶುರುವಾಗುವ ಮೊದಲೇ ಶೌಚಾಲಯಕ್ಕೆ ಹೋಗಿ ಬನ್ನಿ.

ಫೋನಿನಲ್ಲಿ ಒಂದು ಹಾಡಿನ ವಿಡಿಯೊ ತೆಗೆದು ಜೇಬಿಗಿಡಿ. ಆ ಸದ್ದಿಗೆ ಫೋನಿನ ಮೈಕಿನಲ್ಲಿ ಧ್ವನಿ ಒಡೆದುಹೋಗಿ, ಮನೆಗೆ ಬಂದು ಕೇಳಿದರೆ ತಗಡು ಬಡಿದಂತಿರುತ್ತದೆ. ಮರಳುವ ಕ್ಯಾಬಿಗೆ ಬ್ಯಾಟರಿಯೂ ಬೇಕು.

ಮುಗಿದ ಮೇಲೆ ಇಪ್ಪತ್ತು ನಿಮಿಷ ನಿಂತಲ್ಲೇ ನಿಲ್ಲಿ, ಗೇಟಿನ ಒತ್ತಡ ಇಳಿಯಲಿ. ಹೊರಗೆ ರಸ್ತೆಗೆ ಬಂದ ಮೇಲೆ ಪ್ಲಗ್ ತೆಗೆಯಿರಿ, ಜಗ್ಗದೆ, ನಿಧಾನಕ್ಕೆ ತಿರುಗಿಸುತ್ತ. ಮರುದಿನವೂ ಕಿವಿ ಗುಂಯ್‌ಗುಟ್ಟಿದರೆ ಕಿವಿ ವೈದ್ಯರ ಹತ್ತಿರ ಹೋಗಿ, ತಡ ಮಾಡಬೇಡಿ. ಆ ರಾತ್ರಿ ನಾನು ಪ್ಲಗ್ ತೆಗೆದಾಗ ಮೊದಲು ಕೇಳಿಸಿದ್ದು ಪಕ್ಕದಲ್ಲಿ ನಡೆಯುತ್ತಿದ್ದ ತಂಗಿ ಸಣ್ಣಗೆ ಗುನುಗುತ್ತಿದ್ದ ಕೊನೆಯ ಹಾಡು.