ಲೈನ್ ಮನೆಯ ಅಸ್ಸಾಂ ಕುಟುಂಬ: ಪೌರತ್ವದ ಕಾಗದಪತ್ರಗಳನ್ನು ಕಾಪಾಡಿಕೊಳ್ಳುವ ಬಗೆ

ಕಾಫಿ ಕೊಯ್ಲಿಗೆಂದು ಕೊಡಗಿನ ತೋಟಗಳಿಗೆ ಬರುವ ಅಸ್ಸಾಮಿನ ಕುಟುಂಬಗಳಲ್ಲಿ 2019ರ ಆಗಸ್ಟ್ 31ರ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯಿಂದ ಹೊರಗುಳಿದವರೂ ಇರಬಹುದು. ಹೀಗೆ ಹೊರಗುಳಿದವರು ಅಸ್ಸಾಮಿನಲ್ಲಿ ಒಟ್ಟು 19 ಲಕ್ಷಕ್ಕೂ ಹೆಚ್ಚು. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಯಾರೂ ವಿದೇಶಿಯರಾಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಅಸ್ಸಾಮಿನ ವಿದೇಶಿಯರ ನ್ಯಾಯಮಂಡಳಿ. ತೋಟದ ರೈಟರ್ (ಗುಮಾಸ್ತ) ಮತ್ತು ಮೇಸ್ತ್ರಿಗಳು ಇದನ್ನು ತಾವು ತಿಳಿದುಕೊಂಡು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರಿಗೂ ತಿಳಿಯುವ ಭಾಷೆಯಲ್ಲಿ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ನೋಟಿಸಿನಲ್ಲಿ. ನ್ಯಾಯಮಂಡಳಿಯ ನೋಟಿಸು ಅಸ್ಸಾಮಿನ ಊರಿನ ವಿಳಾಸಕ್ಕೆ ಹೋದಾಗ ಕುಟುಂಬ ಸಿದ್ದಾಪುರದಲ್ಲೋ ಪೊನ್ನಂಪೇಟೆಯಲ್ಲೋ ಹಣ್ಣು ಕೊಯ್ಯುತ್ತಿರುತ್ತದೆ. ತಾನು ಭಾರತೀಯನೆಂದು ಸಾಬೀತುಪಡಿಸುವ ಹೊಣೆ ಆ ವ್ಯಕ್ತಿಯದೇ ಆಗಿರುವುದರಿಂದ, ಹಾಜರಾಗದವರನ್ನು ಏಕಪಕ್ಷೀಯ ಆದೇಶದಿಂದಲೇ ವಿದೇಶಿಯೆಂದು ಘೋಷಿಸಬಹುದು. ಆದ್ದರಿಂದ ಓದುಬರಹ ಬಲ್ಲ ನೆಂಟರೊಬ್ಬರಿಗೆ ಊರಿನ ಟಪಾಲನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸಿ, ಬಂದ ಕಾಗದದ ಫೋಟೋವನ್ನು ಅಂದೇ ಕಳುಹಿಸುವಂತೆ ಹೇಳಿರಬೇಕು. ನೋಟಿಸು ಬಂದರೆ, ಕೊಯ್ಲು ಎಷ್ಟೇ ಬಿರುಸಾಗಿರಲಿ, ತೋಟದ ಮಾಲೀಕರು ರಜೆಯನ್ನೂ ರೈಲಿನ ಖರ್ಚಿಗೆ ಮುಂಗಡವನ್ನೂ ಕೊಡಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಲ್ಯಾಮಿನೇಟ್ ಮಾಡಿಸಿದ ಆಧಾರ್ ಕಾರ್ಡೊಂದಿದ್ದರೆ ಸಾಕೆಂದು ಹಲವರು ನಂಬಿರುತ್ತಾರೆ; ಆದರೆ ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ. ಬೇಕಾದದ್ದು 1951ರ ಪೌರತ್ವ ನೋಂದಣಿಯಲ್ಲಾಗಲಿ, 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಲ್ಲಾಗಲಿ ಇರುವ ಹಿರಿಯರ ಹೆಸರು ಮತ್ತು ಅವರೊಂದಿಗಿನ ಸಂಬಂಧವನ್ನು ತೋರಿಸುವ ದಾಖಲೆ. ಶಾಲೆಗೆ ಹೋಗದೆ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳಿಗೆ ಈ ಎರಡನೆಯದೇ ಕಷ್ಟ. ಅಂಥವರ ಸಂಬಂಧಕ್ಕೆ ದಾಖಲೆಯಾಗಿ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ಪ್ರಮಾಣಪತ್ರವನ್ನು ಪರಿಶೀಲಿಸಿ ಒಪ್ಪಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೆಸರಿನ ಕಾಗುಣಿತದ ಸಣ್ಣ ವ್ಯತ್ಯಾಸಗಳನ್ನೇ ಹಿಡಿದು ಪೌರತ್ವ ನಿರಾಕರಿಸಲಾಗದೆಂದು ಅದೇ ನ್ಯಾಯಾಲಯ 2024ರಲ್ಲಿ ತೀರ್ಪು ನೀಡಿರುವುದರಿಂದ, ಹಳೆಯ ಕಾಗದದ ಮೇಲೆ ಪೆನ್ನಿನಿಂದ ಏನನ್ನೂ ತಿದ್ದಬಾರದು. ನಮ್ಮ ಮುಂಗಾರಿನ ತೇವಕ್ಕೆ ಕಾಗದಗಳು ಬೂಷ್ಟು ಹಿಡಿಯುತ್ತವೆ. ಮೂಲ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಟ್ರಂಕಿನಲ್ಲಿಟ್ಟು, ಇಬ್ಬರ ಫೋನಿನಲ್ಲಾದರೂ ಚಿತ್ರಗಳನ್ನು ಉಳಿಸಿಕೊಳ್ಳಬೇಕು.

ಇಲ್ಲಿ ಮಗು ಹುಟ್ಟಿದರೆ 21 ದಿನಗಳೊಳಗೆ ಜನನ ನೋಂದಣಿ ಮಾಡಿಸಬೇಕು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಪೊಲೀಸರು ದಾಖಲೆ ಕೇಳಿದಾಗ ಹೆದರಿ ಓಡಬಾರದು. ತೋರಿಸುವುದು ಪ್ರತಿಗಳಾಗಿರಲಿ, ಮೂಲವನ್ನು ಕೊಡಲೇಬೇಕಾದರೆ ರಸೀದಿ ಕೇಳಬೇಕು. ಯಾರನ್ನಾದರೂ ಕರೆದೊಯ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ, 15100 ಸಹಾಯವಾಣಿಯನ್ನಾಗಲಿ ಕೂಡಲೇ ಸಂಪರ್ಕಿಸಬೇಕು. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.