ಲಿಂಪೆಟ್ ಹಲ್ಲಿನ ಬಣ್ಣ: ಕಾರವಾರದ ಬಂಡೆಗಳಿಂದ ಸೂಕ್ಷ್ಮದರ್ಶಕದವರೆಗೆ

ಸಮುದ್ರದ ಬಸವನಹುಳುವಿನ ಹಲ್ಲುಗಳು ರಾಡ್ಯುಲಾ ಎಂಬ ಕೈಟಿನ್ (ಕೀಟಗಳ ಹೊರಕವಚದಲ್ಲೂ ಇರುವ ಗಟ್ಟಿ ವಸ್ತು) ಪಟ್ಟಿಯ ಮೇಲೆ ಸಾಲುಸಾಲಾಗಿ ಇರುತ್ತವೆ. ಕಾರವಾರದ ಬಂಡೆಗಳಲ್ಲಿ ಸಿಗುವ ಹುಳುಗಳ ಈ ಪಟ್ಟಿಯನ್ನು ಬಿಡಿಸಿ ನೋಡುವಾಗ ನಾನು ಹೆಚ್ಚು ನೆಚ್ಚಿಕೊಂಡದ್ದು ಕಾಲೇಜುಗಳಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕವನ್ನು.

ಸಂಗ್ರಹಕ್ಕೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತವೇ ಸೂಕ್ತ. ಬಂಡೆಗೆ ಅಂಟಿಕೊಂಡಿರುವ, ಟೋಪಿಯಾಕಾರದ ಚಿಪ್ಪಿನ ಬಸವನಹುಳುವಾದ ಲಿಂಪೆಟ್‌ನ ಅಂಚಿಗೆ ತೆಳು ಚಾಕುವನ್ನು ಒಮ್ಮೆಲೇ ತೂರಿಸಬೇಕು. ಮೊದಲೇ ಮುಟ್ಟಿದರೆ ಅದು ಬಂಡೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಚಿಪ್ಪು ಒಡೆದರೂ ಬಿಡುವುದಿಲ್ಲ. ಬೇಕಾದಷ್ಟನ್ನು ಮಾತ್ರ ತೆಗೆದು ಆಲ್ಕೋಹಾಲಿನಲ್ಲಿ ಇಡುತ್ತಿದ್ದೆ.

ಲಿಂಪೆಟ್‌ನ ರಾಡ್ಯುಲಾ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಉದ್ದವಾಗಿದ್ದು ಒಳಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅದನ್ನು ಸುತ್ತಲಿನ ಮಾಂಸದೊಂದಿಗೆ ಬಿಡಿಸಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹದವಾಗಿ ಬಿಸಿ ಮಾಡಿದರೆ ಮಾಂಸ ಕರಗಿ ಕೈಟಿನ್ ಪಟ್ಟಿಯೂ ಹಲ್ಲುಗಳೂ ಉಳಿಯುತ್ತವೆ. ಆಮ್ಲವನ್ನು ಮಾತ್ರ ಹತ್ತಿರ ಸುಳಿಯಗೊಡಬಾರದು, ಏಕೆಂದರೆ ಲಿಂಪೆಟ್ ಹಲ್ಲಿನಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜವಿದ್ದು, ಆಮ್ಲ ಅದನ್ನು ಕರಗಿಸಬಲ್ಲದು. ಬಳಿಕ ಪಟ್ಟಿಯನ್ನು ಶುದ್ಧ ನೀರಿನಲ್ಲಿ ಪದೇ ಪದೇ ತೊಳೆದು, ಹಲ್ಲು ಮೇಲ್ಮುಖವಾಗುವಂತೆ ಗ್ಲಿಸರಿನ್‌ನಲ್ಲಿ ಹಾಸುತ್ತಿದ್ದೆ.

ಪಟ್ಟಿಯ ಹಿಂತುದಿಯಲ್ಲಿ, ಹಲ್ಲು ಹೊಸದಾಗಿ ಹುಟ್ಟುವ ಕಡೆ, ಸಾಲುಗಳು ಗಾಜಿನಂತೆ ಬಣ್ಣವಿಲ್ಲದೆ ಕಾಣುತ್ತವೆ. ಮುಂದೆ ಸರಿದಂತೆ ತುದಿಗಳಿಗೆ ತಿಳಿ ಹಳದಿ ಹತ್ತಿ, ಮುಂದಕ್ಕೆ ಅದೇ ಗಾಢ ಕೆಂಗಂದಾಗುತ್ತದೆ. ಬಾಯಿಯ ಬಳಿಯ ಸಾಲುಗಳಲ್ಲಿ ಆ ಕೆಂಗಂದು ತುದಿಗಳೇ ಬಂಡೆ ಕೆರೆದು ಸವೆದು ಮೊಂಡಾಗಿರುತ್ತವೆ. ಹಲ್ಲು ಹುಟ್ಟಿ, ಖನಿಜ ತುಂಬಿಕೊಂಡು, ಸವೆಯುವ ಹಂತಗಳೆಲ್ಲ ಒಂದೇ ಪಟ್ಟಿಯಲ್ಲಿ ಓದಲು ಸಿಗುವುದು ಇತರ ಪ್ರಾಣಿಗಳ ಅಧ್ಯಯನದಲ್ಲಿ ಅಪರೂಪದ ಅನುಕೂಲ. 2015ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ತಂಡವು ಯುರೋಪಿನ ಲಿಂಪೆಟ್ ಹಲ್ಲಿನ ಎಳೆತದ ಬಲ (ಎಳೆದಾಗ ಮುರಿಯದೆ ತಾಳುವ ಶಕ್ತಿ) 3ರಿಂದ 6.5 ಗಿಗಾಪ್ಯಾಸ್ಕಲ್ ಎಂದು ಅಳೆದು, ಜೇಡರ ನೂಲನ್ನೂ ಅದು ಮೀರಿಸುತ್ತದೆಂದು ತಿಳಿಸಿತು. ಆ ಅಂಕಿಯನ್ನು ನಮ್ಮ ಕರಾವಳಿಯ ಪ್ರಭೇದಕ್ಕೆ ಹಾಗೆಯೇ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಚಿನ್ನದ ತೆಳು ಲೇಪ ಕೊಟ್ಟು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲ್ಲಿನ ಆಕಾರ, ಅಂಚು, ಸವೆತದ ಗೀರುಗಳು ಬಹಳ ಸ್ಪಷ್ಟವಾಗುತ್ತವೆ, ಆದರೆ ಚಿತ್ರ ಕಪ್ಪು-ಬಿಳುಪಿನದು. ಕಬ್ಬಿಣ ಎಲ್ಲಿಂದ ತುಂಬತೊಡಗಿತೆಂಬುದನ್ನು ಬಣ್ಣದಿಂದ ಗುರುತಿಸುವಂತಿಲ್ಲ. ಆದ್ದರಿಂದಲೇ ಪ್ರತಿ ಪಟ್ಟಿಯನ್ನೂ ಮೊದಲು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇಡಿಯಾಗಿ ಚಿತ್ರಿಸಿ, ಸಾಲುಗಳನ್ನು ಎಣಿಸಿ, ನಂತರವೇ ಲೇಪಕ್ಕೆ ಕಳುಹಿಸುತ್ತಿದ್ದೆ.

ಬೇಟೆಗಾರ ಬಸವನಹುಳು ಥಾಯಿಸ್‌ಗೆ ಸಾಲಿಗೆ ಮೂರೇ ಹಲ್ಲು, ಪಾಚಿ ಕೆರೆಯುವ ಲಿಟೊರಿನಾ ಬಳಗಕ್ಕೆ ಏಳು. ಇವೆರಡನ್ನೂ ಎಣಿಸುವುದು ಸುಲಭ. ನೆರೈಟಾ ಎಂಬ ಬಸವನಹುಳುವಿನಲ್ಲಿ ಮಾತ್ರ ಅಂಚಿನ ಹಲ್ಲುಗಳು ದಟ್ಟವಾಗಿ ಒಳಕ್ಕೆ ಮಡಚಿಕೊಂಡು ನಡುವಿನವನ್ನು ಮುಚ್ಚಿಬಿಡುವುದರಿಂದ, ಪಟ್ಟಿ ಒದ್ದೆಯಾಗಿರುವಾಗಲೇ ಸೂಜಿಯಿಂದ ಎರಡೂ ಬದಿಗೆ ಬಿಡಿಸಬೇಕು. ಒಣಗಿದ ಮೇಲೆ ಅದು ಮುರಿಯುತ್ತದೆ.