ಹಳದಿ ಎಲ್ಲಿ ಸಾಯುತ್ತದೋ ಅಲ್ಲಿ ಅಗೆಯಿರಿ

ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿ ಬಣ್ಣ ತೋರಿಸುವ ಟೆಸ್ಟ್ ಕಿಟ್ ಹಿಡಿದು ಒಡೆದ ಪೈಪ್ ಹುಡುಕಬಹುದು ಅಂತ ನಾನು ಹೇಳಿದಾಗ ನಮ್ಮ ಪಂಚಾಯ್ತಿಯಲ್ಲಿ ಯಾರೂ ನಂಬಲಿಲ್ಲ. "ಕಿಟ್ ಇರೋದು ಬ್ಲೀಚಿಂಗ್ ಪೌಡರ್ ಬಿದ್ದದೋ ಇಲ್ಲೋ ನೋಡಾಕ, ಪೈಪ್ ಹುಡುಕಾಕ ಅಲ್ಲ" ಅಂದರು. ನಮ್ಮ ಕೆಳಗಿನ ಓಣಿಯಲ್ಲಿ ಮೊದಲ ಮಳೆ ಬಿದ್ದ ಕೂಡಲೇ ವಾಂತಿ-ಭೇದಿ ಶುರುವಾಗುತ್ತಿತ್ತು. ಎರಡು ಮಳೆಗಾಲ ಆಯಿತು, ಬಂದಿಲ್ಲ. ಈಗ ಪಕ್ಕದ ಪಂಚಾಯ್ತಿಗಳ ನನ್ನಂಥ ವಾಟರ್‌ಮನ್‌ಗಳು ಹೇಗೆ ಮಾಡಿದಿ ಅಂತ ಕೇಳಿಕೊಂಡು ಬರುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿದ ಹಾಗೆ ಆಗಲಿ ಅಂತ ಬರೆಯುತ್ತಿದ್ದೇನೆ. ನೀರು ಬಿಡುವ ಕೆಲಸ ಮಾಡುವವರಿಗೇ ಬರೆದದ್ದು. ವಾಲ್ ಅಂದರೇನು, ಪಿಪಿಎಂ ಅಂದರೇನು ಅಂತ ಹೇಳುತ್ತಾ ಕೂರುವುದಿಲ್ಲ.

ನಮ್ಮೂರು ವಿಜಯಪುರ ಜಿಲ್ಲೆಯ ತಾಳಿಕೋಟಿ ಕಡೆ, ಡೋಣಿ ಹೊಳೆಯ ಸೀಮೆ. ಪೂರಾ ಕಪ್ಪು ಎರೆ ಮಣ್ಣು. ಈ ಮಣ್ಣಿನ ಗುಣ ನಿಮಗೂ ಗೊತ್ತು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಉಬ್ಬುತ್ತದೆ. ಹೀಗೆ ವರ್ಷ ವರ್ಷ ಎಳೆದಾಡಿ ಪಿವಿಸಿ ಪೈಪಿನ ಜಾಯಿಂಟ್ ಬಿಚ್ಚಿಕೊಳ್ಳುತ್ತವೆ. ಸೋರಿದ ನೀರು ಮೇಲೆ ಬರುವುದಿಲ್ಲ, ಬಿರುಕಿನಲ್ಲಿ ಕೆಳಗೆ ಇಳಿದು ಹೋಗುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಊರಿನವರು ಒದ್ದೆ ಕಂಡಲ್ಲಿ ಅಗೆದು ಪೈಪ್ ಹಿಡಿಯುತ್ತಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ.

ಇನ್ನೊಂದು ಕಷ್ಟ, ನೀರು ದಿನಾ ಬಿಡುವುದಿಲ್ಲ. ನೀರು ಬಂದ್ ಮಾಡಿದ ಮೇಲೆ ಲೈನ್ ಖಾಲಿಯಾಗುತ್ತಾ ಹೊರಗಿನದನ್ನು ಒಳಗೆ ಎಳೆಯುತ್ತದೆ. ಗಟಾರದ ಕೆಳಗೆ ಜಾಯಿಂಟ್ ಬಿಚ್ಚಿದ್ದರೆ ಗಟಾರದ ನೀರೇ ಪೈಪಿನಲ್ಲಿ ಕೂತಿರುತ್ತದೆ. ಮರುಸಲ ನೀರು ಬಿಟ್ಟಾಗ ಮೊದಲ ಕೊಡ ಹಿಡಿದವರಿಗೆ ಅದೇ ಸಿಗುತ್ತದೆ. ನಳಕ್ಕೆ ನೇರವಾಗಿ ಮೋಟಾರ್ ಹಚ್ಚುವವರಿದ್ದರಂತೂ ಇನ್ನೂ ಜೋರಾಗಿ ಎಳೆಯುತ್ತದೆ. ಯಾರ ಮನೆಯಲ್ಲಿ ಕದ್ದು ಮೋಟಾರ್ ಹಚ್ಚಿದ್ದಾರೆ ಅಂತ ಬಾಗಿಲು ಬಡಿಯದೇ ಹೇಳುವ ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆದರೆ ಅವರೂ ಓದುತ್ತಾರೆ, ಬಿಡಿ.

ಮೊದಲು ಏನೇನು ಕೆಲಸಕ್ಕೆ ಬರಲಿಲ್ಲ ಅಂತ ಹೇಳುತ್ತೇನೆ. ರೊಕ್ಕ ಹೋಗಿದ್ದೆಲ್ಲ ಅಲ್ಲೇ.

ಓಣಿಯಲ್ಲಿ ಭೇದಿ ಕೇಸ್ ಬಂದ ಕೂಡಲೇ ಮೇಲಿನಿಂದ ಬರುತ್ತಿದ್ದ ಹುಕುಂ ಒಂದೇ: ಪೌಡರ್ ಜಾಸ್ತಿ ಹಾಕು. ಹಾಕಿದೆವು. ನಮ್ಮ ನೀರಿನ ಟಾಕಿ 50,000 ಲೀಟರ್‌ದು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಲೆಕ್ಕಕ್ಕೆ, 33 ಪರ್ಸೆಂಟ್ ಕ್ಲೋರಿನ್ ಇರುವ ಒಳ್ಳೆ ಪೌಡರ್ ಆದರೆ 300 ಗ್ರಾಂ ಸಾಕು. ನಾವು ಕಿಲೋ ಮೇಲೆ ಸುರಿದೆವು. ಮೇಲಿನ ಓಣಿಯವರಿಗೆ ನೀರು ಬಾಯಿಗೆ ಇಡಲಿಕ್ಕೆ ಆಗಲಿಲ್ಲ. ಟಾಕಿ ಹತ್ತಿರದ ಮನೆಯ ಮುತ್ಯಾ ಚಹಾ ಕಪ್ಪು ತಂದು ನನ್ನ ಕೈಗೇ ಕೊಟ್ಟರು. "ತಮ್ಮಾ, ನೀನೇ ಕುಡಿ ನೋಡು. ದವಾಖಾನಿ ನೆಲಾ ಒರಸಿದ ನೀರ ಆಗ್ಯದ" ಅಂದರು. ಜನ ನಳ ಬಿಟ್ಟು ಹಳೇ ತೆರೆದ ಬಾವಿಗೆ ಹೋದರು. ಅಲ್ಲಿ ದನವೂ ನೀರು ಕುಡಿಯುತ್ತವೆ, ಬಟ್ಟೆಯೂ ಒಗೆಯುತ್ತಾರೆ. ಭೇದಿ ಕಡಿಮೆಯಾಗುವ ಬದಲು ಮೇಲಿನ ಓಣಿಗೂ ಹತ್ತಿತು. ಕೆಳಗಿನ ಓಣಿಯ ಕೊನೆ ನಳದಲ್ಲಿ ಅಷ್ಟು ಪೌಡರ್ ಹಾಕಿದರೂ ಕ್ಲೋರಿನ್ ಸೊನ್ನೆ.

ಆಮೇಲೆ ಜೆಸಿಬಿ ತರಿಸಿದರು. ಗುಡಿ ಮುಂದೆ ಒಂದು ಕಡೆ ಯಾವಾಗಲೂ ಒದ್ದೆ ಇರುತ್ತಿತ್ತು, ಅಲ್ಲೇ ಅಗೆದರು. ಅದು ಒಂದು ಮನೆಯ ಬಚ್ಚಲ ನೀರು. ಜೆಸಿಬಿ ಬಾಡಿಗೆ, ಅಗೆಯುವಾಗ ಒಡೆದ ಒಳ್ಳೆ ಪೈಪು, ಮಣ್ಣು ಮುಚ್ಚಿದ ಕೂಲಿ ಎಲ್ಲ ಸೇರಿ ನಾಲ್ಕೈದು ಸಾವಿರ ಮಣ್ಣಾಯಿತು.

ಪೌಡರಿನಲ್ಲೂ ಮೋಸ ಆಯಿತು. ಒಬ್ಬ ವ್ಯಾಪಾರಿ ಕಡಿಮೆ ರೇಟಿಗೆ ಚೀಲ ಕೊಟ್ಟ. ಗಡ್ಡೆ ಕಟ್ಟಿತ್ತು, ಘಾಟು ಇರಲಿಲ್ಲ. ಬಿಸಿಲಲ್ಲಿ, ತೇವದಲ್ಲಿ ಇಟ್ಟ ಬ್ಲೀಚಿಂಗ್‌ನಲ್ಲಿ ಕ್ಲೋರಿನ್ ಉಳಿಯುವುದೇ ಇಲ್ಲ, ಸುಣ್ಣ ಮಾತ್ರ ಉಳಿಯುತ್ತದೆ. 25 ಕಿಲೋ ಚೀಲಕ್ಕೆ ಆಗ ಎಂಟುನೂರೋ ಒಂಬೈನೂರೋ ಕೊಟ್ಟಿದ್ದೆವು, ಮೂರು ಚೀಲ. ಹೊಸ ಚೀಲ ಬಂದರೆ ಈಗ ಮೊದಲು ಒಂದು ಚಿಟಿಕೆ ಬಕೆಟ್ ನೀರಿಗೆ ಹಾಕಿ ಕಿಟ್‌ನಲ್ಲಿ ನೋಡುತ್ತೇನೆ. ಆಮೇಲೇ ಸಹಿ. ಚೀಲವನ್ನು ಸ್ಟಾರ್ಟರ್ ಪೆಟ್ಟಿಗೆ ಇರುವ ಕೋಣೆಯಲ್ಲಿ ಇಡಬೇಡಿ, ಅದರ ಘಾಟಿಗೆ ತಾಮ್ರ, ಕಬ್ಬಿಣ ಎಲ್ಲ ತಿಂದು ಹೋಗುತ್ತದೆ.

ಪೌಡರನ್ನು ಹಾಗೇ ಟಾಕಿಗೆ ಸುರಿಯುವುದನ್ನು ನಿಲ್ಲಿಸಿದ್ದು ಆಗಲೇ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಹಿಟ್ಟಿನ ಹಾಗೆ ಕಲಸಿ, ಆಮೇಲೆ ನೀರು ತುಂಬಿ, ಕಾಲು ತಾಸು ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಆ ತಿಳಿಯನ್ನು ಟಾಕಿಗೆ ನೀರು ಏರುವಾಗಲೇ ಹನಿ ಹನಿಯಾಗಿ ಬೀಳುವಂತೆ ಮಾಡಿದೆ, ಸಲೈನ್ ನಳಿಕೆ ಕಟ್ಟಿ. ನಳಿಕೆ ಮೂರು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಈಗ ಕಟ್ಟುವುದಿಲ್ಲ. ಅದಕ್ಕೆ ಏನು ಮಾಡಿದೆ ಅನ್ನುವುದನ್ನು ಊರಿಗೆ ಬಂದವರಿಗೆ ಕೈಯಾರೆ ತೋರಿಸುತ್ತೇನೆ. ಟಾಕಿ ತುಂಬಿದ ಮೇಲೆ ಅರ್ಧ ತಾಸು ಬಿಟ್ಟೇ ವಾಲ್ ತಿರುಗಿಸುವುದು. ಇದರಲ್ಲಿ ರಾಜಿ ಇಲ್ಲ, ಯಾರು ಫೋನ್ ಮಾಡಿ ಬೈದರೂ ಸರಿ.

ಈಗ ಮುಖ್ಯ ಮಾತು. ಟಾಕಿ ಬಾಯಲ್ಲಿ ಕ್ಲೋರಿನ್ ಲೀಟರಿಗೆ 0.8 ಮಿಲಿಗ್ರಾಂ ಇದೆ, ಕೊನೆ ನಳದಲ್ಲಿ ಸೊನ್ನೆ. ಹಾಗಾದರೆ ನಡುವೆ ಎಲ್ಲೋ ಹೊಲಸು ಅದನ್ನು ತಿನ್ನುತ್ತಿದೆ, ಅಲ್ವಾ? ಎಲ್ಲಿ ತಿನ್ನುತ್ತಿದೆ ಅಂತ ನಳದಿಂದ ನಳಕ್ಕೆ ನೋಡಿಕೊಂಡು ಹೋದರೆ ಜಾಗ ಸಿಗಬೇಕು. ಇಷ್ಟೇ ನನ್ನ ವಿಚಾರ. ಆದರೆ ಒಬ್ಬನೇ ಕಿಟ್ ಹಿಡಿದು ಓಡಾಡಿದಾಗ ಏನೂ ತಿಳಿಯಲಿಲ್ಲ. ಕೊನೆ ನಳ ಮುಟ್ಟುವಷ್ಟರಲ್ಲಿ ಹೊಲಸು ನೀರು ಹರಿದು ಹೋಗಿ, ಒಳ್ಳೆ ನೀರು ಬಂದು, ಎಲ್ಲ ಕಡೆ ಹಳದಿ ಕಾಣುತ್ತಿತ್ತು. ನೋಡಬೇಕಾದ್ದು ಮೊದಲ ಕೊಡದ ನೀರು, ಅದೂ ಎಲ್ಲ ನಳದಲ್ಲಿ ಆಯಾ ನಳಕ್ಕೆ ನೀರು ಬಂದ ಕೂಡಲೇ.

ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಿದ್ದಾರಲ್ಲ, ಅವರನ್ನು ಕೇಳಿಕೊಂಡೆ. ಊರಿನ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕನೂ ಬಂದರು. ಒಬ್ಬೊಬ್ಬರು ಒಂದೊಂದು ನಳದ ಹತ್ತಿರ ಗಾಜಿನ ನಳಿಕೆ ಹಿಡಿದು ನಿಂತರು. ನಾನು ವಾಲ್ ಬಿಟ್ಟೆ. ನೀರು ಬಂದ ಕೂಡಲೇ ಹಿಡಿದು, ಓಟಿ (ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಕಿಟ್‌ನ ದ್ರಾವಣ) ಹನಿ ಹಾಕಿ, ತಕ್ಷಣ ಬಣ್ಣ ನೋಡಿ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆದರು. ಬಿಳಿ ಹಿನ್ನೆಲೆ ಬೇಕು, ಇಲ್ಲದಿದ್ದರೆ ತಿಳಿ ಹಳದಿ ಕಣ್ಣಿಗೆ ಸಿಗುವುದಿಲ್ಲ. ಒಬ್ಬಳು ಕಟ್ಟೆ ಮೇಲೆ ಕೂತ ಮುತ್ಯಾನ ಧೋತರದ ಮುಂದೆ ಹಿಡಿದು ನೋಡಿದಳು. ಓಟಿ ವಿಷದ ಪದಾರ್ಥ. ಕೈಗೆ ತಾಗಿಸಬೇಡಿ, ನೋಡಿದ ನೀರನ್ನು ಕೊಡಕ್ಕೆ ಸುರಿಯಬೇಡಿ.

ಮೇಲಿನ ಓಣಿಯಲ್ಲಿ 0.6. ಗುಡಿ ಹತ್ತಿರ 0.5. ಚಾವಡಿ ಮುಂದೆ 0.5. ಅಲ್ಲಿಂದ ನಾಲ್ಕು ಮನೆ ದಾಟಿದ ಮೇಲಿನ ನಳದಲ್ಲಿ ಬಣ್ಣವೇ ಇಲ್ಲ. ಚಾವಡಿಗೂ ಆ ನಳಕ್ಕೂ ನಡುವೆ ಲೈನ್ ಗಟಾರದ ಅಡಿ ಹೋಗುತ್ತದೆ.

ಸದಸ್ಯರೊಬ್ಬರು "ಮತ್ತ ರೊಕ್ಕ ಹಾಳು ಮಾಡ್ತೀರಿ" ಅಂದರು. ಜೆಸಿಬಿ ಬೇಡ ಅಂತ ಹೇಳಿ ಇಬ್ಬರು ಕೂಲಿಯವರನ್ನು ಕರೆದು ಸಲಿಕೆಯಲ್ಲೇ ಅಗೆಸಿದೆ. ಸೊಂಟದಷ್ಟು ಆಳದಲ್ಲಿ ಪೈಪ್ ಸಿಕ್ಕಿತು. ಜಾಯಿಂಟಿನ ಕಾಲರ್ ಬಿಟ್ಟು ಪೈಪ್ ಹಿಂದೆ ಸರಿದಿತ್ತು, ಸಂದಿನಲ್ಲಿ ಬೆರಳು ಹೋಗುತ್ತಿತ್ತು. ಸುತ್ತಲ ಮಣ್ಣು ಕಪ್ಪಗೆ ಕೊಳೆತು ನಾರುತ್ತಿತ್ತು. ಸಂದಿನೊಳಗೆ ಬೇವಿನ ಬೇರು ಕೂದಲಿನ ಹಾಗೆ ಇಳಿದಿತ್ತು. ಮೇಲೆ ನೆಲ ಮಾತ್ರ ಒಣಗಿ ಬಿರುಕು ಬಿಟ್ಟು ಕೂತಿತ್ತು. ಬೇಡ ಅಂದ ಸದಸ್ಯರನ್ನೇ ಕರೆದು ಬಗ್ಗಿಸಿ ತೋರಿಸಿದೆ.

ಗಟಾರ ದಾಟುವ ಅಷ್ಟೂ ಭಾಗಕ್ಕೆ ಹೊಸ ಪೈಪ್ ಹಾಕಿ, ಅದರ ಮೇಲೆ ಕಬ್ಬಿಣದ ಪೈಪ್ ತೊಡಿಸಿದೆವು. ಸಾಮಾನು, ಕೂಲಿ ಸೇರಿ ಆರೇಳು ಸಾವಿರ. ಮೊದಲು ನನ್ನ ಕೈಯಿಂದ ಹೋಯಿತು, ಬಿಲ್ ಆಗಲಿಕ್ಕೆ ತಿಂಗಳುಗಟ್ಟಲೆ ಹಿಡಿಯಿತು.

ಆಮೇಲೆ ನಡೆದದ್ದು ಕೇಳಿ. ಪೌಡರ್ ಅಷ್ಟೇ ಹಾಕುತ್ತಿದ್ದೆ, ಕೆಳಗಿನ ಓಣಿಯವರು "ಈಗ ಪೌಡರ್ ಹಾಕೋದು ಬಿಟ್ಟೀಯೇನಪಾ, ವಾಸನಿನೇ ಇಲ್ಲ" ಅಂತ ಕೇಳಿದರು. ನಳದಲ್ಲಿ ನೋಡಿದರೆ 0.4! ಹೊಲಸಿನ ಜೊತೆ ಕೂಡಿದ ಕ್ಲೋರಿನ್‌ಗೇ ಘಾಟು ಜಾಸ್ತಿ. ಶುದ್ಧ ನೀರಿನಲ್ಲಿ ಅಷ್ಟು ವಾಸನೆ ಬರುವುದಿಲ್ಲ. ಹಾಗಾಗಿ ಯಾರಾದರೂ ಬಂದು ವಾಸನೆ ಅಂದರೆ ಅವರನ್ನು ಬೈದು ಕಳಿಸಬೇಡಿ, ಅವರ ನಳಕ್ಕೆ ಕಿಟ್ ತಗೊಂಡು ಹೋಗಿ. ಓಟಿ ಹಾಕಿದ ಕೂಡಲೇ ಹಳದಿ ಬಂದರೆ ಸರಿ. ಮೊದಲು ಬಣ್ಣ ಇಲ್ಲದೆ, ನಿಂತ ಹಾಗೆ ನಿಧಾನಕ್ಕೆ ಹಳದಿ ಏರಿದರೆ ಅದು ಹೊಲಸಿಗೆ ಕೂಡಿದ ಕ್ಲೋರಿನ್, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆ ನಳದಲ್ಲಿ ಕಡಿಮೆ ಅಂದರೂ 0.2 ಇರಬೇಕು. ಭೇದಿ ಎದ್ದ ದಿನಗಳಲ್ಲಿ ನಾನು 0.5 ಇಡುತ್ತೇನೆ.

ಒಂದು ಎಚ್ಚರಿಕೆ. ಓಣಿ ಕೊನೆಯಲ್ಲಿ ಮುಂದೆ ಹೋಗದೆ ಬಂದ್ ಆಗಿರುವ ಲೈನಿನಲ್ಲಿ ನೀರು ನಿಂತು ಹಳದಿ ತಾನಾಗೇ ಇಳಿಯುತ್ತದೆ. ಆದರೆ ಅಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಒಡೆದ ಜಾಗದಲ್ಲಿ ಒಂದೇ ಸಲ ಬೀಳುತ್ತದೆ. ಈ ಫರಕು ಗೊತ್ತಾಗದೆ ಅಗೆಯಲಿಕ್ಕೆ ಹೋಗಬೇಡಿ. ಎರಡು ಸಲ ನೀರು ಬಿಟ್ಟಾಗಲೂ ಅದೇ ಜಾಗದಲ್ಲಿ ಬಿದ್ದರೆ ಮಾತ್ರ ಸಲಿಕೆ ಹಿಡಿಯಿರಿ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಮಳೆಗಾಲದ ರಾಡಿ ನೀರಿಗೆ ನುಗ್ಗೆ ಬೀಜದ ಪುಡಿ ಹಾಕಿದರೆ ತಿಳಿಯಾಗುತ್ತದೆ ಅಂತಾರೆ. ಬ್ಯಾರಲ್‌ನಲ್ಲಿ ಹಾಕಿ ನೋಡಿದೆ, ನಿಜವಾಗಿಯೂ ತಿಳಿಯಾಯಿತು. ಮರುದಿನ ಆ ನೀರು ವಾಸನೆ ಹೊಡೆಯಿತು, ಕ್ಲೋರಿನ್ನೂ ಬೇಗ ಮುಗಿಯಿತು. ಮನೆಯಲ್ಲಿ ಅವತ್ತಿಗವತ್ತು ಬಳಸಲು ಅಡ್ಡಿಯಿಲ್ಲ, ಟಾಕಿಗೆ ಬೇಡ. ತೆರೆದ ಬಾವಿಗೆ ಜಾತ್ರೆಯ ಹೊತ್ತಲ್ಲಿ ತೂತು ಮಾಡಿದ ಗಡಿಗೆಯಲ್ಲಿ ಮರಳು, ಬ್ಲೀಚಿಂಗ್ ತುಂಬಿ ಇಳಿಬಿಟ್ಟಿದ್ದೆ. ಜಾತ್ರೆ ಮುಗಿಯುವವರೆಗೂ ಹಳದಿ ಬರುತ್ತಿತ್ತು. ಖರ್ಚು ನೂರು ರೂಪಾಯಿ ಒಳಗೆ.

ಆಶಾ ಅಕ್ಕ ಮತ್ತು ನಾನು ಈಗ ಭೇದಿ ಕೇಸ್ ಪಟ್ಟಿಯನ್ನು ಯಾವ ಮನೆಗೆ ಯಾವ ವಾಲ್‌ನಿಂದ ನೀರು ಹೋಗುತ್ತದೆ ಅನ್ನುವ ಪ್ರಕಾರ ಬರೆಯುತ್ತೇವೆ. ಒಂದೇ ವಾಲ್‌ನ ಎರಡು ಮನೆಯಲ್ಲಿ ಭೇದಿ ಅಂದರೆ ಅವತ್ತೇ ಆ ವಾಲ್ ಬಂದ್, ಟ್ಯಾಂಕರ್ ನೀರು, ಆಮೇಲೆ ಕಿಟ್. ಮನೆಯವರಿಗೆ ಅಕ್ಕ ಓಆರ್‌ಎಸ್ ಕೊಡುತ್ತಾರೆ. ಒಂದು ಪೂರ್ತಿ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪ್ಯಾಕೆಟ್ ಲೋಟಕ್ಕೆ ಹಾಕುವವರು ಬಹಳ, ಅದು ತಪ್ಪು. ಮಕ್ಕಳಿಗೆ ಭೇದಿ ನಿಂತರೂ ಜಿಂಕ್ ಮಾತ್ರೆ 14 ದಿನ. ಎದೆಹಾಲು, ಊಟ ನಿಲ್ಲಿಸುವಂಗಿಲ್ಲ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ಮನೆಯಲ್ಲಿ ಕೂರಿಸಿಕೊಳ್ಳದೆ ದವಾಖಾನೆಗೆ. ನೀರಿನ ಕೊಡಕ್ಕೆ ಚರಗಿ ಅದ್ದಬೇಡಿ, ಉದ್ದ ಹಿಡಿಕೆಯ ಸೌಟು ಇಡಿ.

ಪೈಪ್ ರಿಪೇರಿಯಾದ ತಿಂಗಳ ಮೇಲೆ ನಮ್ಮಲ್ಲಿ ಮೂರ್ನಾಲ್ಕು ಮಂದಿಗೆ ಕಾಮಾಲೆ ಬಂತು. ಊರಲ್ಲಿ ರಿಪೇರಿಯೇ ಸರಿಯಾಗಿಲ್ಲ ಅಂತ ಗದ್ದಲ ಎದ್ದಿತು. ನೀರಿನಿಂದ ಬರುವ ಕಾಮಾಲೆ ಒಳಗೆ ಹೋಗಿ ಹೊರಗೆ ಕಾಣಲಿಕ್ಕೆ ಎರಡರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅದು ಒಡೆದ ಪೈಪಿನ ಕಾಲದ್ದೇ. ಕೊನೆ ನಳದ ಹಳದಿ ಬರೆದ ವಹಿ ನನ್ನ ಹತ್ತಿರ ಇತ್ತು, ಗ್ರಾಮಸಭೆಯಲ್ಲಿ ಅದನ್ನೇ ಮುಂದಿಟ್ಟೆ. ಬಸುರಿ ಹೆಣ್ಣುಮಕ್ಕಳ ಮನೆಗೆಲ್ಲ ಹೋಗಿ ಹೇಳಿದ್ದೂ ಆಗಲೇ. ಬಸುರಿಯರಿಗೆ ಈ ಕಾಮಾಲೆಯಲ್ಲಿ ಒಂದು ಬಗೆ ಜೀವಕ್ಕೇ ಬರುತ್ತದೆ. ಕಣ್ಣು ಹಳದಿ ಕಂಡರೆ ಗಿಡಮೂಲಿಕೆ ಅಂತ ಓಡಾಡದೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು.

ಈಗ ಉಳಿದಿರುವುದು ಓಣಿ ಕೊನೆಯ ಬಂದ್ ಲೈನ್. ಅಲ್ಲಿ ವಾಶ್‌ಔಟ್ ವಾಲ್ ಕೂರಿಸಿ, ನೀರು ಬಿಡುವ ಮುಂಚೆ ನಿಂತ ನೀರನ್ನು ಹೊರಗೆ ಹರಿಸಬೇಕು. ಎಸ್ಟಿಮೇಟ್ ಬರೆದು ಕೊಟ್ಟಿದ್ದೇನೆ, ಮೂರು ಸಾವಿರದ ಆಸುಪಾಸು. ಮಳೆಗಾಲಕ್ಕೆ ಮುಂಚೆ ಕೂರಿಸಬೇಕು ಅಂತ ವಾರಕ್ಕೊಮ್ಮೆ ಪಂಚಾಯ್ತಿಗೆ ಹೋಗಿ ಕೇಳುತ್ತಿದ್ದೇನೆ.